ಮನೆ ಸರ್ವರಿನ ಐವತ್ತು ಮಿಲಿಸೆಕೆಂಡು

ಗೆಳೆಯರ ಜೊತೆ ಆಟ ಆಡಲು, ಟಿವಿಗೆ ಸಿನಿಮಾ ಕಳಿಸಲು ಮನೆಯಲ್ಲೊಂದು ಸರ್ವರ್, ಅಂದರೆ ಬೇರೆ ಯಂತ್ರಗಳು ಕೇಳಿದ್ದನ್ನು ಒದಗಿಸುವ ಕಂಪ್ಯೂಟರ್, ಇಡಬೇಕು ಅಂದುಕೊಂಡವರು ಮೊದಲು ಲೆಕ್ಕ ಹಾಕುವುದು ಎಷ್ಟು ಕೋರ್ (ಪ್ರೊಸೆಸರಿನೊಳಗೆ ಲೆಕ್ಕ ಮಾಡುವ ಘಟಕ), ಎಷ್ಟು ಜಿಬಿ ಮೆಮೊರಿ ಅಂತ. ಯಾವುದೋ ಕಂಪನಿ ಕಳಚಿಹಾಕಿದ ಹಳೇ ರ‍್ಯಾಕ್ ಸರ್ವರ್ ಅಗ್ಗಕ್ಕೆ ಸಿಕ್ಕಿದರಂತೂ ಹಿಗ್ಗೋ ಹಿಗ್ಗು: ಇಪ್ಪತ್ತು ಕೋರ್, 128 ಜಿಬಿ ಮೆಮೊರಿ! ಅದರ ಮೇಲೆ ಚೌಕ ಕಲ್ಲುಗಳ ಲೋಕ ಕಟ್ಟುವ ಮೈನ್‌ಕ್ರಾಫ್ಟ್ ಆಟ ಹಾಕಿ ನಾಲ್ಕು ಮಂದಿ ಆಡಲು ಕೂತರೆ ಆಟ ಮುಗ್ಗರಿಸುತ್ತದೆ. ಅದೇ ಆಟ ಅಂಗೈಯಗಲದ ಮಿನಿ ಪಿಸಿಯಲ್ಲಿ ಸಲೀಸಾಗಿ ಓಡುತ್ತದೆ. ಮನೆ ಸರ್ವರಿಗೆ ಕೆಲಸ ಹೆಚ್ಚೇನೂ ಇರುವುದಿಲ್ಲ, ದಿನದ ಬಹುಪಾಲು ಅದು ಸುಮ್ಮನೆ ಕೂತಿರುತ್ತದೆ. ಆದರೆ ಕೆಲಸ ಬಂದಾಗ ಅದಕ್ಕೊಂದು ಗಡುವು ಅಂಟಿಕೊಂಡೇ ಬರುತ್ತದೆ.

ಮೈನ್‌ಕ್ರಾಫ್ಟಿನ ಲೋಕ ಸೆಕೆಂಡಿಗೆ 20 ಹೆಜ್ಜೆ ಇಡುತ್ತದೆ. ಪ್ರತಿ ಹೆಜ್ಜೆಗೂ ಟಿಕ್ ಎಂದು ಹೆಸರು. ಹಾಗಾಗಿ ಒಂದು ಟಿಕ್‌ಗೆ ಸಿಗುವುದು 50 ಮಿಲಿಸೆಕೆಂಡು. ಅಷ್ಟರೊಳಗೆ ಹಸುಗಳ ಓಡಾಟ, ನೀರಿನ ಹರಿವು, ಪೈರಿನ ಬೆಳವಣಿಗೆ, ರೆಡ್‌ಸ್ಟೋನ್ ಎಂಬ ಆಟದೊಳಗಿನ ವಿದ್ಯುತ್ತಿನ ಸರ್ಕ್ಯೂಟು ಎಲ್ಲದರ ಲೆಕ್ಕ ಮುಗಿಯಬೇಕು. ನೀರು ಎಲ್ಲಿಗೆ ಹರಿಯಿತು ಅಂತ ಗೊತ್ತಾಗದೆ ಹಸು ಎತ್ತ ತೇಲಿತು ಅಂತ ಹೇಳಲಾಗದು. ಒಂದರ ಉತ್ತರ ಇನ್ನೊಂದಕ್ಕೆ ಬೇಕಾದ್ದರಿಂದ ಮುಖ್ಯ ಲೆಕ್ಕವೆಲ್ಲ ಒಂದೇ ಥ್ರೆಡ್ಡಿನಲ್ಲಿ, ಅಂದರೆ ಒಂದು ಸಲಕ್ಕೆ ಒಂದೇ ಕೋರ್ ಓಡಿಸುವ ಸರಣಿಯಲ್ಲಿ, ಸಾಲಾಗಿ ನಡೆಯುತ್ತದೆ. ಬಾವಿಗೆ ಒಂದೇ ರಾಟೆ ಇದ್ದರೆ ಸುತ್ತ ಇಪ್ಪತ್ತು ಮಂದಿ ನಿಂತರೂ ಕೊಡ ಮೇಲೆ ಬರುವುದು ಒಂದೊಂದೇ. ಅದಕ್ಕೇ 2.2 ಗಿಗಾಹರ್ಟ್ಸಿನ ಇಪ್ಪತ್ತು ಹಳೇ ಕೋರ್‌ಗಳಿಗಿಂತ, 3.4 ಗಿಗಾಹರ್ಟ್ಸ್‌ವರೆಗೆ ಏರುವ ಮಿನಿ ಪಿಸಿಯ ಇಂಟೆಲ್ ಎನ್100 ಪ್ರೊಸೆಸರಿನ ನಾಲ್ಕೇ ಕೋರ್ ಇಲ್ಲಿ ವಾಸಿ.

ಒಂದು ಟಿಕ್ 70 ಮಿಲಿಸೆಕೆಂಡು ಹಿಡಿದರೆ ಲೋಕ ಸೆಕೆಂಡಿಗೆ ಸುಮಾರು 14 ಹೆಜ್ಜೆಗೆ ಇಳಿಯುತ್ತದೆ, ಸರ್ವರಿನ ದಿನಚರಿಯಾದ ಲಾಗ್ ಫೈಲಿನಲ್ಲಿ ‘ಕಾಂಟ್ ಕೀಪ್ ಅಪ್’ (ಸಮಕ್ಕೆ ಓಡಲಾಗುತ್ತಿಲ್ಲ) ಎಂಬ ದೂರು ಕಾಣಿಸುತ್ತದೆ. ಆಗ ಎಲ್ಲರೂ ಮಾಡುವುದು ಮೆಮೊರಿ ಏರಿಸುವುದು. ಮೆಮೊರಿ ನಿಜಕ್ಕೂ ತುಂಬಿದ್ದರೆ ಮಾತ್ರ ಅದರಿಂದ ಪ್ರಯೋಜನ. ನಾಲ್ಕೈದು ಮಂದಿಯ ಮಾಡ್ (ಬೇರೆಯವರು ಬರೆದ ಸೇರ್ಪಡೆ) ಇಲ್ಲದ ಆಟಕ್ಕೆ, ಅದನ್ನು ಓಡಿಸುವ ಜಾವಾಗೆ 4 ಜಿಬಿ ಕೊಟ್ಟರೆ ಧಾರಾಳ. ಗಡುವನ್ನು ತಿನ್ನುವುದು ದೂರದ ಮಿತಿ. ಎಷ್ಟು ದೂರದವರೆಗೆ ಲೋಕ ನಡೆಯುತ್ತಿರಬೇಕು ಎಂದು ಹೇಳುವ ಸಿಮ್ಯುಲೇಷನ್ ಡಿಸ್ಟೆನ್ಸ್ 10 ಇದ್ದರೆ ಒಬ್ಬ ಆಟಗಾರನ ಸುತ್ತ 21×21, ಅಂದರೆ 441 ಚಂಕ್‌ಗಳನ್ನು (ನೆಲದ ಚೌಕ ತುಂಡುಗಳನ್ನು) ಸರ್ವರ್ ಜೀವಂತ ಇಡಬೇಕು. ಅದನ್ನು 6ಕ್ಕೆ ಇಳಿಸಿದರೆ 13×13, ಬರೀ 169. ನಾಲ್ವರು ನಾಲ್ಕು ದಿಕ್ಕಿಗೆ ಹೋದರೆ ಈ ಸಂಖ್ಯೆ ನಾಲ್ಕು ಪಟ್ಟಾಗುತ್ತದೆ. ನೋಟದ ದೂರವಾದ ವ್ಯೂ ಡಿಸ್ಟೆನ್ಸನ್ನು 10ರಲ್ಲೇ ಬಿಟ್ಟು ಸಿಮ್ಯುಲೇಷನ್ ಒಂದನ್ನೇ ಇಳಿಸಿದರೆ ಆಡುವವರಿಗೆ ವ್ಯತ್ಯಾಸ ಬೇಗ ಗೊತ್ತಾಗುವುದೂ ಇಲ್ಲ. ಯಾರೂ ಕಾಲಿಡದ ನೆಲವನ್ನು ಹೊಸದಾಗಿ ಹುಟ್ಟಿಸುವುದು ಇನ್ನೂ ಭಾರದ ಕೆಲಸ. ‘ಚಂಕಿ’ ಎಂಬ ಪ್ಲಗ್‌ಇನ್ ಅದನ್ನು ರಾತ್ರಿಯೇ ಮಾಡಿಟ್ಟುಬಿಡುತ್ತದೆ.

ಇಲ್ಲಿ ಸ್ವಲ್ಪ ಚರಿತ್ರೆಗೆ ಹೋಗಬೇಕು. 1993ರ ಡೂಮ್ ಆಟದಲ್ಲಿ ಸರ್ವರ್ ಎಂಬುದೇ ಇರಲಿಲ್ಲ. ಆಟಗಾರರ ಯಂತ್ರಗಳು ತಮ್ಮತಮ್ಮಲ್ಲೇ ಸುದ್ದಿ ಹಂಚಿಕೊಂಡು, ಎಲ್ಲರದೂ ಬಂದ ಮೇಲೆ ಮುಂದಿನ ಹೆಜ್ಜೆ ಇಡುತ್ತಿದ್ದವು. ಅದರ ಟಿಕ್ ಸೆಕೆಂಡಿಗೆ 35. ಒಬ್ಬನ ಯಂತ್ರ ನಿಧಾನವಾದರೆ ಎಲ್ಲರೂ ಕಾಯಬೇಕು. 1996ರ ಕ್ವೇಕ್ ಸರ್ವರನ್ನು ನಡುವೆ ತಂದಿತು, ಆದರೆ ಡಯಲ್‌ಅಪ್ ಮೋಡೆಮ್ ಇದ್ದವನು ಗುಂಡಿ ಒತ್ತಿದರೆ ಸರ್ವರಿನ ಉತ್ತರ ಬರುವ ತನಕ ಕಾಲು ಕದಲುತ್ತಿರಲಿಲ್ಲ. ಅದೇ ವರ್ಷದ ಕೊನೆಗೆ ಕ್ವೇಕ್‌ನ ಪ್ರೋಗ್ರಾಮರ್ ಜಾನ್ ಕಾರ್ಮ್ಯಾಕ್ ತಂದ ಕ್ವೇಕ್‌ವರ್ಲ್ಡ್‌ನಲ್ಲಿ ಆಟಗಾರನ ಯಂತ್ರವೇ ತನ್ನ ನಡಿಗೆಯನ್ನು ಊಹಿಸಿ ತೋರಿಸಿತು, ಸರ್ವರ್ ಆಮೇಲೆ ತಿದ್ದಿತು. ಆ ಊಹೆ ಇವತ್ತಿಗೂ, ಮೈನ್‌ಕ್ರಾಫ್ಟಿನಲ್ಲೂ, ಉಳಿದಿದೆ, ತೊಂದರೆ ಎಲ್ಲಿದೆ ಅಂತ ಪತ್ತೆ ಹಚ್ಚುವುದೂ ಅದರಿಂದಲೇ. ನೀವು ಆರಾಮಾಗಿ ನಡೆಯುತ್ತಿದ್ದೀರಿ, ಆದರೆ ಒಡೆದ ಕಲ್ಲು ಮತ್ತೆ ಮರಳಿ ಬರುತ್ತಿದೆ, ಹಸುಗಳು ನಿಂತಲ್ಲೇ ನಿಂತಿವೆ ಅಂದರೆ ತಡವಾಗುತ್ತಿರುವುದು ಸರ್ವರ್ ಅಥವಾ ನೆಟ್‌ವರ್ಕ್. ನೋಟವೇ ಜರ್ಕ್ ಹೊಡೆಯುತ್ತಿದ್ದರೆ ನಿಮ್ಮ ಕಂಪ್ಯೂಟರಿನ ಗ್ರಾಫಿಕ್ಸ್. ಸರ್ವರನ್ನು ಬೈದು ಫಲವಿಲ್ಲ. ಮೈನ್‌ಕ್ರಾಫ್ಟ್ 1.20.3ರಿಂದ ಈಚಿನ ಆವೃತ್ತಿಗಳಲ್ಲಿ ‘ಟಿಕ್ ಕ್ವೆರಿ’ ಆಜ್ಞೆ ಕೊಟ್ಟರೆ ಒಂದು ಟಿಕ್ ಸರಾಸರಿ ಎಷ್ಟು ಮಿಲಿಸೆಕೆಂಡು ತಿಂದಿತು ಅಂತ ಸರ್ವರೇ ಹೇಳುತ್ತದೆ.

ಸಿನಿಮಾದ ಗಡುವು ಬೇರೆ ಬಗೆಯದು. 4ಕೆ ಚಿತ್ರದ ಒಂದು ಫ್ರೇಮಿನಲ್ಲಿ 3840×2160, ಅಂದರೆ ಸುಮಾರು 83 ಲಕ್ಷ ಪಿಕ್ಸೆಲ್. ಸೆಕೆಂಡಿಗೆ 24 ಫ್ರೇಮ್ ಎಂದರೆ ಹತ್ತಿರ ಹತ್ತಿರ 20 ಕೋಟಿ. 10 ಬಿಟ್ ಬಣ್ಣದಲ್ಲಿ ಹಾಗ್ಹಾಗೇ ಕಳಿಸಿದರೆ ಸೆಕೆಂಡಿಗೆ ಸುಮಾರು 3 ಗಿಗಾಬಿಟ್. ಫೈಲಿನಲ್ಲಿ ಅದು 60-70 ಮೆಗಾಬಿಟ್‌ಗೆ ಕುಗ್ಗಿರುತ್ತದೆ. ಈ ಕುಗ್ಗಿಸುವಿಕೆಯ ಬುಡದಲ್ಲಿರುವುದು ನಾಸಿರ್ ಅಹ್ಮದ್, ಟಿ. ನಟರಾಜನ್ ಮತ್ತು ಕೆ.ಆರ್. ರಾವ್ 1974ರಲ್ಲಿ ಪ್ರಕಟಿಸಿದ ಡಿಸ್ಕ್ರೀಟ್ ಕೊಸೈನ್ ಟ್ರಾನ್ಸ್‌ಫಾರ್ಮ್. ಪಿಕ್ಸೆಲ್‌ಗಳ ಚೌಕವನ್ನು ಅಲೆಗಳ ಮೊತ್ತವಾಗಿ ಬರೆದು, ಕಣ್ಣಿಗೆ ಕಾಣದಷ್ಟು ಸಣ್ಣ ಅಲೆಗಳನ್ನು ಕೈಬಿಡುವ ಉಪಾಯ. ಬಿಡಿಸುವುದು ಸುಲಭ. ಹೊಸದಾಗಿ ಕುಗ್ಗಿಸುವುದೇ ಕಷ್ಟ, ಯಾಕೆಂದರೆ ಈ ಚೌಕ ಹಿಂದಿನ ಫ್ರೇಮಿನಲ್ಲಿ ಎಲ್ಲಿತ್ತು ಅಂತ ಎಲ್ಲ ಕಡೆ ಹುಡುಕಬೇಕು.

ಫೈಲ್ ಇದ್ದ ಹಾಗೇ ಟಿವಿಗೆ ಹೋದರೆ ಅದಕ್ಕೆ ಡೈರೆಕ್ಟ್ ಪ್ಲೇ ಅನ್ನುತ್ತಾರೆ. ಆಗ ಸರ್ವರ್ ಬರೀ ಫೈಲ್ ಓದಿ ದಾಟಿಸುತ್ತದೆ, ಹತ್ತು ವರ್ಷದ ಹಳೇ ಲ್ಯಾಪ್‌ಟಾಪಿಗೂ ಅದು ಭಾರವಲ್ಲ. ಟಿವಿಗೆ ಆ ಕೊಡೆಕ್ (ಕುಗ್ಗಿಸುವ ವಿಧಾನ) ಬಾರದಿದ್ದರೆ, ಸರ್ವರಿನಿಂದ ಸಿನಿಮಾ ಕಳಿಸುವ ಜೆಲ್ಲಿಫಿನ್ ಎಂಬ ಪ್ರೋಗ್ರಾಮು ಚಿತ್ರವನ್ನು ಬಿಡಿಸಿ ಮತ್ತೆ ಕುಗ್ಗಿಸಿ ಕಳಿಸಬೇಕು, ಇದು ಟ್ರಾನ್ಸ್‌ಕೋಡ್. ಬಹಳ ಜನಕ್ಕೆ ಹೊಳೆಯದ ಕಳ್ಳನೆಂದರೆ ಸಬ್‌ಟೈಟಲ್. ಎಸ್‌ಆರ್‌ಟಿ ಫೈಲು ಬರೀ ಅಕ್ಷರ, ಬೇರೆಯಾಗಿಯೇ ಹೋಗುತ್ತದೆ. ಬ್ಲೂ-ರೇಯಿಂದ ಬಂದ ಪಿಜಿಎಸ್ ಸಬ್‌ಟೈಟಲ್ ಮಾತ್ರ ಚಿತ್ರರೂಪದ್ದು. ಆಪ್‌ಗೆ ಅದನ್ನು ತೋರಿಸಲು ಬಾರದಿದ್ದರೆ ಸರ್ವರ್ ಅದನ್ನು ಪ್ರತಿ ಫ್ರೇಮಿನ ಮೇಲೂ ಅಚ್ಚೊತ್ತಬೇಕು. ಕೆಳಗಿನ ಒಂದು ಸಾಲಿಗಾಗಿ ಸೆಕೆಂಡಿಗೆ 20 ಕೋಟಿ ಪಿಕ್ಸೆಲ್‌ಗಳ ಮರುಕೆಲಸ! ಎಸ್‌ಆರ್‌ಟಿ ಹಾಕಿಕೊಂಡರೆ ಅಲ್ಲಿಗೆ ಮುಗಿಯಿತು. ಜೆಲ್ಲಿಫಿನ್ನಿನ ಡ್ಯಾಶ್‌ಬೋರ್ಡಿನಲ್ಲಿ ಟ್ರಾನ್ಸ್‌ಕೋಡಿನ ಕಾರಣ ‘ಆಡಿಯೊ’ ಅಂತ ಮಾತ್ರ ಇದ್ದರೆ ಗಾಬರಿ ಬೇಡ, ಅದು ಚಿಲ್ಲರೆ ಕೆಲಸ.

ಟ್ರಾನ್ಸ್‌ಕೋಡ್ ತಪ್ಪದಿದ್ದಲ್ಲಿ ಇಂಟೆಲ್ ಚಿಪ್ಪಿನೊಳಗೆ ವಿಡಿಯೊ ಬಿಡಿಸಿ ಕುಗ್ಗಿಸಲೆಂದೇ ಇರುವ ಕ್ವಿಕ್ ಸಿಂಕ್ ಆಸರೆಯಾಗುತ್ತದೆ. 2011ರಿಂದ ಇದೆಯಾದರೂ 10 ಬಿಟ್ ಎಚ್‌ಇವಿಸಿ (4ಕೆ ಸಿನಿಮಾಗಳ ಸಾಮಾನ್ಯ ಕೊಡೆಕ್) ಬೇಕೆಂದರೆ ಏಳನೇ ತಲೆಮಾರಿನಿಂದ ಈಚಿನದೇ ಆಗಬೇಕು. ಜೆಲ್ಲಿಫಿನ್ ಓಡುವ ಬಳಕೆದಾರನನ್ನು ಲಿನಕ್ಸಿನಲ್ಲಿ ಗ್ರಾಫಿಕ್ಸ್ ಬಳಸುವ ಹಕ್ಕಿರುವ ‘ರೆಂಡರ್’ ಗುಂಪಿಗೆ ಸೇರಿಸದಿದ್ದರೆ, ಪ್ರೋಗ್ರಾಮನ್ನು ಪ್ರತ್ಯೇಕ ಡಬ್ಬಿಯಲ್ಲಿಟ್ಟು ಓಡಿಸುವ ಡಾಕರ್ ಆದರೆ ಗ್ರಾಫಿಕ್ಸ್ ಡಿವೈಸನ್ನು ಒಳಗೆ ಬಿಡದಿದ್ದರೆ, ಹಾರ್ಡ್‌ವೇರ್ ಇದ್ದೂ ಇಲ್ಲದಂತೆ.

ಟಿವಿಗೆ ತಂತಿ ಎಳೆದ ಮೇಲೂ ದೊಡ್ಡ 4ಕೆ ಫೈಲು ನಿಂತುನಿಂತು ಓಡಿದರೆ ಟಿವಿಯ ಪೋರ್ಟನ್ನೇ ಅನುಮಾನಿಸಿ. ಎಷ್ಟೋ ಟಿವಿಗಳ ಇಥರ್ನೆಟ್ ಪೋರ್ಟ್ ಇಂದಿಗೂ 100 ಮೆಗಾಬಿಟ್ಟಿನದು, 4ಕೆ ಡಿಸ್ಕಿನ ದರವೋ 128ರವರೆಗೆ ಏರಬಲ್ಲದು. ಅಂಥ ಟಿವಿಗೆ 5 ಗಿಗಾಹರ್ಟ್ಸ್ ವೈಫೈಯೇ ಮೇಲು.

ಉಳಿದದ್ದು ಜೋಡಣೆ. ಆಪರೇಟಿಂಗ್ ಸಿಸ್ಟಮ್, ಆಟದ ಲೋಕ, ಜೆಲ್ಲಿಫಿನ್ನಿನ ಡೇಟಾಬೇಸ್ ಎಸ್‌ಎಸ್‌ಡಿಯಲ್ಲಿ. ಸಿನಿಮಾ ಹಾರ್ಡ್ ಡಿಸ್ಕಿನಲ್ಲಿ. ಬೂಟ್ ಆಗುವಾಗ ಜೋಡಿಸಬೇಕಾದ ಡಿಸ್ಕುಗಳ ಪಟ್ಟಿಯಾದ ಎಫ್‌ಎಸ್‌ಟ್ಯಾಬ್‌ನಲ್ಲಿ ಡಿಸ್ಕಿನ ಯುಯುಐಡಿ (ಅದರದೇ ಗುರುತಿನ ಸಂಖ್ಯೆ) ಕೊಟ್ಟು, ಅದು ಸಿಗದಿದ್ದರೂ ಮುಂದುವರಿ ಎನ್ನುವ ‘ನೋಫೇಲ್’ ಸಹಿತ ಬರೆಯಿರಿ. ಆದರೆ ನೋಫೇಲ್‌ಗೊಂದು ಅಡ್ಡಪರಿಣಾಮವಿದೆ: ಡಿಸ್ಕ್ ಸಿಗದಿದ್ದರೂ ಯಂತ್ರ ಬೂಟ್ ಆಗುತ್ತದೆ, ಬರೆಯುವ ಪ್ರೋಗ್ರಾಮುಗಳು ಖಾಲಿ ಫೋಲ್ಡರಿಗೇ ಬರೆದು ಎಸ್‌ಎಸ್‌ಡಿಯನ್ನು ತುಂಬಿಸಿಬಿಡುತ್ತವೆ. ಡಿಸ್ಕ್ ಕಳಚಿದ್ದಾಗ ಆ ಫೋಲ್ಡರಿಗೆ ಬರೆಯುವ ಹಕ್ಕನ್ನೇ ‘ಚಾಟರ್’ ಆಜ್ಞೆಯಿಂದ ಕಿತ್ತುಕೊಂಡರೆ ಈ ಕಾಟ ತಪ್ಪುತ್ತದೆ. ಕರೆಂಟು ಹೋಗಿ ಬಂದಾಗ ತಾನೇ ಏಳುವಂತೆ ಬಯೋಸ್‌ನಲ್ಲಿ ಹೊಂದಿಸಿ. ಸರಾಸರಿ 10 ವ್ಯಾಟ್ ತಿನ್ನುವ ಯಂತ್ರ ವರ್ಷವಿಡೀ ಉರಿದರೂ 88 ಯೂನಿಟ್ ದಾಟದು. 120 ವ್ಯಾಟಿನ ರ‍್ಯಾಕ್ ಸರ್ವರ್ 1,050 ದಾಟುತ್ತದೆ.

ಹೊರಗಿನ ಗೆಳೆಯರಿಗೆ ಆಟ ತೆರೆಯಬೇಕಾದರೆ ರೌಟರಿನಲ್ಲಿ ಮೈನ್‌ಕ್ರಾಫ್ಟಿನ ಬಾಗಿಲಾದ 25565ನೇ ಟಿಸಿಪಿ ಪೋರ್ಟನ್ನು ಸರ್ವರಿಗೆ ತಿರುಗಿಸಬೇಕು, ವೈಟ್‌ಲಿಸ್ಟ್ (ಒಳಬರಬಹುದಾದವರ ಪಟ್ಟಿ) ಆನ್ ಇರಬೇಕು. ಅದಕ್ಕೂ ಮೊದಲು ರೌಟರಿನ ವ್ಯಾನ್ (ಇಂಟರ್ನೆಟ್ ಕಡೆಯ) ವಿಳಾಸ ನೋಡಿ. ಅದು 100.64ರಿಂದ 100.127ರ ನಡುವೆ ಶುರುವಾಗಿದ್ದರೆ ನಿಮ್ಮ ಸೇವಾದಾರರು ಒಂದೇ ವಿಳಾಸವನ್ನು ಹಲವರಿಗೆ ಹಂಚಿದ್ದಾರೆ ಎಂದರ್ಥ, ಪೋರ್ಟ್ ಎಷ್ಟು ತೆರೆದರೂ ಯಾರೂ ಒಳಬರಲಾರರು. ಆಗ ಯಂತ್ರಗಳನ್ನು ಖಾಸಗಿ ಜಾಲದಲ್ಲಿ ಬೆಸೆಯುವ ಟೇಲ್‌ಸ್ಕೇಲ್‌ನಂಥದ್ದೇ ದಾರಿ. ಜೆಲ್ಲಿಫಿನ್ನಿನ 8096ನೇ ಪೋರ್ಟನ್ನಂತೂ ನೇರವಾಗಿ ಹೊರಗೆ ತೆರೆಯಲೇಬಾರದು, ಪಾಸ್‌ವರ್ಡ್ ಮುಚ್ಚುಮರೆಯಿಲ್ಲದೆ ಹೋಗುತ್ತದೆ.

ಎರಡು ಡಿಸ್ಕನ್ನು, ಒಂದರ ಪಡಿಯಚ್ಚು ಇನ್ನೊಂದಾಗುವ ರೇಡ್ 1ರಲ್ಲಿ ಜೋಡಿಸಿದವರು ಬ್ಯಾಕಪ್ ಆಯಿತು ಅಂದುಕೊಳ್ಳುತ್ತಾರೆ. ಅದು ಡಿಸ್ಕ್ ಕೆಟ್ಟಾಗಿನ ಕಾವಲು. ಯಾರೋ ಆಟದ ಲೋಕವನ್ನು ಅಳಿಸಿದರೆ ಎರಡೂ ಡಿಸ್ಕಿನಲ್ಲಿ ಅದೇ ಕ್ಷಣ ಅಳಿಯುತ್ತದೆ. ಓಡುತ್ತಿರುವ ಸರ್ವರಿನಿಂದ ಲೋಕದ ಫೋಲ್ಡರ್ ನಕಲಿಸಿದರೂ ಅರ್ಧ ಹಳತು ಅರ್ಧ ಹೊಸತು ಬರುವ ಅಪಾಯವಿದೆ. ಸರ್ವರಿಗೆ ಮೊದಲು ತಾನಾಗಿ ಉಳಿಸುವುದನ್ನು ನಿಲ್ಲಿಸುವ ‘ಸೇವ್-ಆಫ್’ ಆಜ್ಞೆ ಕೊಡಿ, ಆಮೇಲೆ ಎಲ್ಲವನ್ನೂ ಡಿಸ್ಕಿಗೆ ಇಳಿಸುವ ‘ಸೇವ್-ಆಲ್ ಫ್ಲಶ್’, ನಕಲು ಮುಗಿದ ಮೇಲೆ ‘ಸೇವ್-ಆನ್’. ಕೊನೆಯದನ್ನು ಮರೆತರೆ ಅಲ್ಲಿಂದಾಚೆಗಿನ ಆಟ ಡಿಸ್ಕಿಗೆ ತಾನಾಗಿ ಇಳಿಯುವುದಿಲ್ಲ, ನಡುವೆ ಕರೆಂಟು ಹೋದರೆ ಕಟ್ಟಿದ್ದೆಲ್ಲ ಹೋಯಿತು. ಆ ನಕಲನ್ನು ಬೇರೆ ಯಂತ್ರಕ್ಕೆ ಸಾಗಿಸಿ, ಆಗೊಮ್ಮೆ ಈಗೊಮ್ಮೆ ಅದರಿಂದಲೇ 25566ನೇ ಪೋರ್ಟಿನಲ್ಲಿ ಇನ್ನೊಂದು ಸರ್ವರ್ ಎಬ್ಬಿಸಿ, ಒಳಹೊಕ್ಕು ಒಂದೆರಡು ಪೆಟ್ಟಿಗೆ ತೆರೆದು ನೋಡಿ.