ಮಲ್ಲೇಶ್ವರದ ಗೋಡೆಗೆ ಸಿಮೆಂಟ್ ಬೇಡ ಅಂದ್ರೆ ಬೇಡ

"ಸಾರ್, ಹೋದ ವರ್ಷ ತಾನೇ ಸಿಮೆಂಟ್ ಪ್ಲಾಸ್ಟರ್ ಮಾಡಿಸಿದ್ವಿ. ಮತ್ತೆ ಉಬ್ಬಿದೆ."

ಹಳೇ ಮನೆಗಳ ತೇವದ ಗೋಡೆ ನೋಡುವುದು ನನ್ನ ಕೆಲಸ. ದೀಪಾವಳಿಗೆ ಬಣ್ಣ ಹೊಡೆಸುವ ಹೊತ್ತಿಗೆ ಈ ಫೋನ್ ಬಂದೇ ಬರುತ್ತದೆ. ಸಂಪಿಗೆ ರಸ್ತೆಯ ಆಚೀಚೆ ಯಾವುದೋ ಒಂದು ಕ್ರಾಸಿನಿಂದ. ಹಳೇ ಮನೆ, ಕಿಟಕಿಗೆ ಮಂಕಿ ಟಾಪ್ ಅನ್ನುವ ಮರದ ಚೂಪು ಮಾಡು, ಒಳಗೆ ರೆಡ್ ಆಕ್ಸೈಡ್ ನೆಲ. ನಾನು ಮೊದಲು ಕೇಳುವುದು ಒಂದೇ, ಉಬ್ಬಿರೋದು ನೆಲದಿಂದ ಎಷ್ಟು ಎತ್ತರಕ್ಕೆ? "ಮುಂಚೆ ಮೊಣಕಾಲಿನ ತನಕ ಇತ್ತು ಸಾರ್, ಈಗ ಸೊಂಟಕ್ಕೆ ಬಂದಿದೆ." ಅಲ್ಲಿಗೆ ಅರ್ಧ ಕಥೆ ಗೊತ್ತಾಯಿತು. ಇನ್ನರ್ಧ ಹೋಗಿ ನೋಡಿದ ಮೇಲೆ.

ಮಲ್ಲೇಶ್ವರ ಗಾಳಿ ಬೆಳಕಿಗೆ ಅಂತಲೇ ಕಟ್ಟಿದ ಬಡಾವಣೆ. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂತು. ಪೇಟೆಯ ಇಕ್ಕಟ್ಟಿನ ಮನೆಗಳಿಗೆ ಹೆದರಿ ಜನ ಊರಾಚೆ ಹೊರಟರು. ಆಗ ಬೆಳೆದವು ದಕ್ಷಿಣಕ್ಕೆ ಬಸವನಗುಡಿ, ಈ ಕಡೆ ಮಲ್ಲೇಶ್ವರ. ನೇರ ರಸ್ತೆ, ಅಡ್ಡಕ್ಕೆ ಲೆಕ್ಕದ ಕ್ರಾಸುಗಳು, ಮನೆಗಳ ಹಿಂದೆ ಹೊಲಸು ಸಾಗಿಸಲು ಕನ್ಸರ್ವೆನ್ಸಿ ಲೇನು. ಮನೆ ಸುತ್ತ ಕಾಂಪೌಂಡು, ಬಾಗಿಲ ಮೇಲೆ ವೆಂಟಿಲೇಟರ್. ಈಗ ಆ ಲೇನುಗಳಲ್ಲಿ ಕಾರು ನಿಂತಿವೆ, ವೆಂಟಿಲೇಟರಿನಲ್ಲಿ ಎಸಿ ಪೈಪು ತೂರಿದೆ. ಇರಲಿ.

ಇನ್ನು ಇಲ್ಲಿನ ನೆಲ. ಕಾಡು ಮಲ್ಲೇಶ್ವರ ದೇವಸ್ಥಾನದ ಎದುರಿಗೆ ನಂದಿ ತೀರ್ಥ ಇದೆಯಲ್ಲ, 1997ರಲ್ಲಿ ಮಣ್ಣು ಅಗೆದಾಗ ಸಿಕ್ಕಿದ್ದು. ನಂದಿಯ ಬಾಯಿಂದ ನೀರು ಲಿಂಗದ ಮೇಲೆ ಬೀಳುತ್ತಲೇ ಇರುತ್ತದೆ. ವೃಷಭಾವತಿಯ ಒಂದು ಮೂಲ ಈ ಸುತ್ತಲೇ ಎಂದು ಹೇಳುವವರೂ ಇದ್ದಾರೆ. ಭಕ್ತರು ಕೈ ಮುಗಿಯುತ್ತಾರೆ, ನಾನೂ ಮುಗಿಯುತ್ತೇನೆ. ಆದರೆ ಮುಗಿಯುವಾಗಲೂ ತಲೆಯಲ್ಲಿ ಓಡುವುದು ಇದೇ: ಈ ನೆಲ ಒಣಗಿದ್ದಲ್ಲ. ಹಾಗಂತ ಎಲ್ಲರ ಮನೆ ಕೆಳಗೂ ಒರತೆ ಇದೆ ಅಂತ ಹೇಳುತ್ತಿಲ್ಲ. ಹಾಗೆ ಹೆದರಿಸಿ ಕೆಮಿಕಲ್ ಮಾರುವವರು ಬೇರೆ ಇದ್ದಾರೆ.

ಈಗ ಆ ಸಿಮೆಂಟಿನ ವಿಷಯ. ಇದನ್ನು ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ.

ನಿಮ್ಮ ತಾತನ ಕಾಲದ ಗೋಡೆಯಲ್ಲಿ ಸಿಮೆಂಟ್ ಇಲ್ಲ. ಮೆತ್ತನೆ ಇಟ್ಟಿಗೆ, ನಡುವೆ ಸುಣ್ಣದ ಗಾರೆ, ಮೇಲೂ ಸುಣ್ಣದ ಗಾರೆ. ಗಾಣದಲ್ಲಿ ಅರೆದ ಸುಣ್ಣ, ಇಟ್ಟಿಗೆ ಪುಡಿಯ ಸುರ್ಕಿ, ಕೆಲವು ಕಡೆ ಬೆಲ್ಲದ ನೀರು, ಅಳಲೆಕಾಯಿ. ಪಾಯದಲ್ಲಿ ತೇವ ತಡೆಯುವ ಪದರ ಇರುವುದು ಅಪರೂಪ. ಹಾಗಾಗಿ ನೆಲದ ತೇವ ಗೋಡೆಗೆ ಏರುತ್ತದೆ, ದೀಪದ ಬತ್ತಿಗೆ ಎಣ್ಣೆ ಏರುವ ಹಾಗೆ. ಅದು ಕಾಯಿಲೆ ಅಲ್ಲ. ಸುಣ್ಣದ ಗಾರೆ ಆ ತೇವವನ್ನು ಹೊರಗೆ ಬಿಡುತ್ತಿತ್ತು, ಗಾಳಿ ಒಣಗಿಸುತ್ತಿತ್ತು. ಏರಿದಷ್ಟೂ ಆರುತ್ತಿತ್ತು. ಒಂದಷ್ಟು ಉಪ್ಪು ಬಿಡುತ್ತಿತ್ತು, ವರ್ಷಕ್ಕೊಮ್ಮೆ ಉದುರಿಸಿ ಸುಣ್ಣ ಬಳಿದರೆ ಮುಗೀತು.

ನೀವು ಅದರ ಮೇಲೆ ಸಿಮೆಂಟ್ ಮೆತ್ತಿಸಿದಿರಿ. ಅದರ ಮೇಲೆ ಪುಟ್ಟಿ, ಅದರ ಮೇಲೆ ತೊಳೆಯಬಹುದಾದ ಪೇಂಟು. ಈಗ ತೇವ ಎಲ್ಲಿಗೆ ಹೋಗಬೇಕು? ನಿಲ್ಲುವುದಿಲ್ಲ ಸ್ವಾಮಿ, ಮೇಲೆ ಹತ್ತುತ್ತದೆ. ಸಿಮೆಂಟ್ ಮುಗಿಯುವ ಕಡೆ ಹೊರಗೆ ಬರುತ್ತದೆ. ನಿಮಗೆ ಕಾಣುವುದು ಏನು? "ತೇವ ಜಾಸ್ತಿ ಆಯ್ತು." ಮತ್ತೆ ಎರಡಡಿ ಮೇಲಕ್ಕೆ ಸಿಮೆಂಟ್. ತೇವವೂ ಎರಡಡಿ ಮೇಲಕ್ಕೆ. ಒಳಗೆ ಉಪ್ಪು ಹರಳುಗಟ್ಟಿ ಪ್ಲಾಸ್ಟರನ್ನು ತಳ್ಳುತ್ತದೆ. ಅದು ಬೀಳುವಾಗ ಇಟ್ಟಿಗೆಯ ಮುಖವನ್ನೂ ಕಿತ್ತುಕೊಂಡು ಬೀಳುತ್ತದೆ. ಸಾಲದ್ದಕ್ಕೆ ಅಂಗಳಕ್ಕೆಲ್ಲ ಕಾಂಕ್ರೀಟ್, ಅದರ ಮೇಲೆ ಟೈಲ್ಸು. ಮಣ್ಣಿನಿಂದ ಆರುತ್ತಿದ್ದ ತೇವಕ್ಕೂ ಈಗ ಗೋಡೆಯೇ ದಾರಿ.

ನನಗೆ ನಿಜವಾದ ಭಯ ಬಣ್ಣದ್ದಲ್ಲ. ಈ ಮನೆಗಳಲ್ಲಿ ಬಹಳಷ್ಟಕ್ಕೆ ಮದ್ರಾಸ್ ತಾರಸಿ, ಅಂದರೆ ಮರದ ಜಂತೆಗಳ ಮೇಲೆ ಇಟ್ಟಿಗೆ, ಗಾರೆ ಹಾಕಿದ ಚಾವಣಿ. ಮರದ ಜಂತೆಗಳ ತುದಿ ಗೋಡೆಯೊಳಗೆ ಕೂತಿರುತ್ತದೆ. ಗೋಡೆಯಲ್ಲಿ ತೇವ ಸಿಕ್ಕಿಕೊಂಡರೆ ಆ ತುದಿ ಕೊಳೆಯಬಹುದು. ಹೊರಗಿನಿಂದ ಕಾಣುವುದಿಲ್ಲ.

ಮಾರ್ಗೋಸಾ ರಸ್ತೆ ಹತ್ತಿರದ ಒಂದು ಮನೆ. ಎಂಬತ್ತು ದಾಟಿದ ಅಜ್ಜಿ ಒಬ್ಬರೇ. ಮಗ ಅಮೆರಿಕದಿಂದ ವಿಡಿಯೋ ಕಾಲಿನಲ್ಲಿ. ಯಾರೋ ವಾಟರ್‌ಪ್ರೂಫಿಂಗಿನವರು ಹತ್ತು ವರ್ಷದ ಗ್ಯಾರಂಟಿ ಬರೆದುಕೊಟ್ಟು ಹೋಗಿದ್ದರು, ಮೂರನೇ ಮಳೆಗಾಲಕ್ಕೆ ಫೋನ್ ಎತ್ತುತ್ತಿರಲಿಲ್ಲ. "ಬೆಸ್ಟ್ ಪ್ರಾಡಕ್ಟ್ ಹಾಕ್ಸಿದೀವಿ ಸಾರ್" ಅಂತ ಮಗ. ನಾನು ಉಳಿ ತಗೊಂಡು ಒಂದು ಕಡೆ ತಟ್ಟಿದೆ. ತಟ್ಟೆಯಗಲದ ಚಕ್ಕೆ ಕೈಗೆ ಬಂತು, ಹಿಂದೆ ಇಟ್ಟಿಗೆ ಒದ್ದೆ ಅವಲಕ್ಕಿ ಹಾಗೆ. ಅಜ್ಜಿ ಹೇಳಿದರು, "ನಾನು ಅವತ್ತೇ ಹೇಳ್ದೆ ಕಣಪ್ಪ, ನಮ್ಮಾವನವರು ಈ ಗೋಡೆಗೆ ಸುಣ್ಣ ಬಿಟ್ಟು ಏನೂ ಮುಟ್ಟಿಸ್ತಿರ್ಲಿಲ್ಲ ಅಂತ. ಕೇಳ್ಬೇಕಲ್ಲ." ಆಮೇಲೆ ಕಾಫಿ ಕೊಟ್ಟರು. ನನ್ನ ಫೀಸಿಗಿಂತ ಕಾಫಿಯೇ ಚೆನ್ನಾಗಿತ್ತು.

ಏನು ಮಾಡಬೇಕು ಅಂತ ಕೇಳಿದರೆ, ನೋಡದೆ ಹೇಳಲಾರೆ. ಎಲ್ಲ ತೇವವೂ ನೆಲದ್ದಲ್ಲ. ಬಾತ್‌ರೂಮ್ ಪೈಪು ಸೋರುತ್ತಿರಬಹುದು, ಗೋಡೆಗೆ ಅಂಟಿಸಿ ಕಟ್ಟಿದ ಸಂಪು ಬಿರುಕು ಬಿಟ್ಟಿರಬಹುದು. ಮೊದಲು ಅದನ್ನು ನೋಡಿಸಿ. ಮನೆಯಲ್ಲೇ ಮಾಡುವ ಒಂದು ಪರೀಕ್ಷೆ ಇದೆ. ಗೋಡೆಗೆ ಒಂದಡಿ ಪ್ಲಾಸ್ಟಿಕ್ ಹಾಳೆ ಇಟ್ಟು ನಾಲ್ಕೂ ಕಡೆ ಟೇಪು ಹಾಕಿ, ಒಂದೆರಡು ದಿನ ಬಿಡಿ. ಹಾಳೆಯ ಹಿಂದೆ ಹನಿ ಕಂಡರೆ ತೇವ ಗೋಡೆಯೊಳಗಿನದು. ಮುಂದೆ ಕಂಡರೆ ಕೋಣೆಯ ಗಾಳಿಯದು, ಕಿಟಕಿ ತೆಗೆಯಿರಿ.

ನೆಲದ ತೇವವೇ ಆದರೆ, ತೇವದ ಗೆರೆಗಿಂತ ಒಂದಡಿ ಮೇಲಿನ ತನಕ ಸಿಮೆಂಟ್ ಕೆತ್ತಿಸಿ. ಅಂಗಳದ ಕಾಂಕ್ರೀಟನ್ನು ಗೋಡೆಯ ಪಕ್ಕದಲ್ಲಿ ಎರಡಡಿಯಾದರೂ ಒಡೆಸಿ. ಆಮೇಲೆ ಸುಮ್ನೆ ಬಿಡಿ. ಯಾರಿಗೂ ಆಗದ ಕೆಲಸ ಇದೇ. ಗೋಡೆ ಆರಲು ಒಂದಿಂಚು ದಪ್ಪಕ್ಕೆ ಸುಮಾರು ಒಂದು ತಿಂಗಳು ಅಂತ ನಮ್ಮಲ್ಲಿ ಲೆಕ್ಕ, ಅದೂ ಅಂದಾಜು. ಒಂಬತ್ತಿಂಚಿನ ಗೋಡೆಗೆ ನೀವೇ ಲೆಕ್ಕ ಹಾಕಿ. ಆಮೇಲೆ ಸುಣ್ಣ ಸುರ್ಕಿಯ ಗಾರೆ, ಮೇಲೆ ಸುಣ್ಣ. ಸುಣ್ಣದ ಕೆಲಸ ಬಲ್ಲ ಗಾರೆಯವರು ಈಗ ಕಡಿಮೆ, ಆದರೆ ಇಲ್ಲವೇ ಇಲ್ಲ ಅಂತಲ್ಲ. ಇದೆಲ್ಲ ಹಳೇ ಸುಣ್ಣದ ಗೋಡೆಗೆ ಮಾತ್ರ. ಇಲ್ಲಿನ ಹಳೇ ರಾಜಾ ಮಿಲ್ ಹೋಗಿ ಮಾಲ್ ಬಂದ ಮೇಲೆ ಎದ್ದ ಹೊಸ ಅಪಾರ್ಟ್‌ಮೆಂಟಿನವರು ಇದನ್ನು ಓದಿ ಸಿಮೆಂಟ್ ಕೆತ್ತಿಸಬೇಡಿ.

ಅಜ್ಜಿಯ ಮನೆಯಲ್ಲಿ ನವೆಂಬರಿನಲ್ಲಿ ಕೆತ್ತಿಸಿದೆವು. ನಡುಮನೆಯ ಇಟ್ಟಿಗೆ ಬರಿಮೈಯಲ್ಲಿ ನಿಂತಿತ್ತು. ಸಂಕ್ರಾಂತಿಗೆ ಎಳ್ಳು ಬೀರಲು ಬಂದವರೆಲ್ಲ "ಅಯ್ಯೋ, ಮನೆ ಒಡೀತಿದೀರಾ?" ಅಂತ ಕೇಳಿದರಂತೆ. ಮಗ ವಾರಕ್ಕೊಮ್ಮೆ ಫೋನ್ ಮಾಡಿ ಪೇಂಟು ಯಾವಾಗ ಅಂತ ಕೇಳುತ್ತಿದ್ದರು. ಅಜ್ಜಿ ದಿನಾ ಬೆಳಗ್ಗೆ ಗೋಡೆಗೆ ಅಂಗೈ ಒತ್ತಿ ನೋಡುತ್ತಿದ್ದರು. ಯುಗಾದಿ ಕಳೆದ ಮೇಲೆ ಅವರೇ ಫೋನ್ ಮಾಡಿದರು. "ಕೈಗೆ ತಣ್ಣಗೆ ಹತ್ತುತ್ತಿಲ್ಲ ಕಣಪ್ಪ, ಗಾರೆಯವರನ್ನ ಕಳಿಸು."