ಅಂಗಡಿ ಹೊಸದಾಯ್ತು, ಹಿತ್ತಲ ಬಾಗಿಲು ಎಲ್ಲಿ ಹೋಯ್ತು?

ಚಿಕ್ಕಮಗಳೂರಿನ ಪೇಟೆಯ ಹಳೇ ಅಂಗಡಿಗಳಲ್ಲಿ ಎಷ್ಟೋ ಮೊದಲು ಮನೆಗಳೇ. ಜಗುಲಿಯಲ್ಲಿ ವ್ಯಾಪಾರ, ಒಳಗೆ ಸಂಸಾರ, ಹಿಂದೆ ಬಾವಿ, ಹಿತ್ತಲು. ಬೆಂಕಿಯ ಭಯಕ್ಕೆ ಅಂತ ಯಾರೂ ಲೆಕ್ಕ ಹಾಕಿ ಕಟ್ಟಿದ್ದಲ್ಲ. ಆದರೂ ಹೊರಗೆ ಓಡೋಕೆ ಎರಡು ದಾರಿ ಇರುತ್ತಿತ್ತು.

ಸಂಸಾರ ಬೇರೆ ಬಡಾವಣೆಗೆ ಹೋದ ಮೇಲೆ ಮನೆಯಿಡೀ ಅಂಗಡಿಯಾಯಿತು. ಹಿತ್ತಲಿಗೆ ಶೀಟ್ ಹೊದಿಸಿ ಗೋಡೌನ್ ಮಾಡಿದರು. ಹಿಂಬಾಗಿಲಿಗೆ ಅಡ್ಡವಾಗಿ ರ್‍ಯಾಕ್ ಬಂತು. ಆಮೇಲೆ ಪ್ಲೈವುಡ್ ಅಟ್ಟ, ಪಿವಿಸಿ ಸೀಲಿಂಗ್, ಮುಂದೆ ಗಾಜು. ಈಗ ಪ್ರವಾಸಿಗರು ಜಾಸ್ತಿಯಾಗಿ ಅಂಥ ಮನೆಗಳು ಕೆಫೆಯಾಗುತ್ತಿವೆ. ಹಿಂದಿನ ಕೋಣೆಯೇ ಅಡುಗೆಮನೆ, ಸಿಲಿಂಡರ್ ಕೂಡ ಅಲ್ಲೇ. ಪ್ರತಿ ರಿಪೇರಿಯಲ್ಲೂ ಜಾಗ ಸಿಕ್ಕಿತು, ದಾರಿ ಹೋಯಿತು.

ನಿಯಮ ಇರಲಿಲ್ಲ ಅಂತಲ್ಲ. ಕರ್ನಾಟಕದ ಅಗ್ನಿಶಾಮಕ ದಳದ ಕಾಯ್ದೆ 1964ರದ್ದು. ಕಟ್ಟಡ ಹೇಗಿರಬೇಕು ಅಂತ ಹೇಳುವ ಪುಸ್ತಕ, ರಾಷ್ಟ್ರೀಯ ಕಟ್ಟಡ ಸಂಹಿತೆ, 1970ರಲ್ಲೇ ಬಂತು. 1983, 2005, 2016ರಲ್ಲಿ ಪರಿಷ್ಕಾರವೂ ಆಯಿತು. ಆದರೆ ಈ ಪುಸ್ತಕದ ಮಾತಿಗೆ ತೂಕ ತಂದದ್ದು ಸಾವುಗಳು. 1997ರಲ್ಲಿ ದೆಹಲಿಯ ಉಪಹಾರ್ ಚಿತ್ರಮಂದಿರದಲ್ಲಿ 59 ಜನ ಸತ್ತರು. ಹೆಚ್ಚಿನವರನ್ನು ಕೊಂದದ್ದು ಹೊಗೆ. ಬಾಲ್ಕನಿಯಲ್ಲಿ ಹೆಚ್ಚುವರಿ ಸೀಟು ಹಾಕಲು ಓಡಾಡುವ ದಾರಿಯನ್ನೇ ಮುಚ್ಚಿದ್ದರು. ಅದೂ ಒಂದು ರಿಪೇರಿಯೇ ಅಲ್ವಾ? 2010ರಲ್ಲಿ ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್‌ನಲ್ಲಿ 9 ಜನ ಹೋದರು. ಅಲ್ಲೂ ತುರ್ತು ಬಾಗಿಲಿಗೆ ಬೀಗ. 2018ರ ಜನವರಿಯಲ್ಲಿ ಕಲಾಸಿಪಾಳ್ಯದ ಬಾರ್ ಒಂದರಲ್ಲಿ ರಾತ್ರಿ ಒಳಗೇ ಮಲಗಿದ್ದ 5 ಕೆಲಸಗಾರರು ಪ್ರಾಣ ಬಿಟ್ಟರು. ಆ ಐದು ಜನರ ಸುದ್ದಿಯೇ ನನ್ನನ್ನು ಜಾಸ್ತಿ ಕಾಡುವುದು. ಅದು ಬಹುಮಹಡಿ ಗೋಪುರವಲ್ಲ, ನಮ್ಮೂರಲ್ಲೂ ಇರುವಂಥ ಜಾಗ.

ತೊಂದರೆ ಇರುವುದೂ ಇಲ್ಲೇ. ಸಂಹಿತೆ ತಾನಾಗಿ ಕಾನೂನಾಗುವುದಿಲ್ಲ. ಸ್ಥಳೀಯ ಕಟ್ಟಡ ನಿಯಮಗಳು ಒಪ್ಪಿಕೊಂಡಷ್ಟೇ ಅದಕ್ಕೆ ಬಲ. ಬಿಗಿ ತಪಾಸಣೆ ಹೆಚ್ಚಾಗಿ ಎತ್ತರದ, ದೊಡ್ಡ ಕಟ್ಟಡಗಳಿಗೆ. ಬಡಗಿ ಬಂದು ವಾರದಲ್ಲಿ ಒಳಾಂಗಣ ಬದಲಿಸಿ ಹೋದರೆ ನೋಡುವವರು ಯಾರು?

ಹಾಗಾಗಿ ಕೆಲಸ ಶುರುವಾಗುವ ಮೊದಲು ನಾವೇ ಟೇಪ್ ಹಿಡಿಯಬೇಕು. ಹೊರಹೋಗುವ ಬಾಗಿಲು ಕನಿಷ್ಠ 1 ಮೀಟರ್ ಅಗಲ, 2 ಮೀಟರ್ ಎತ್ತರ ಇರಬೇಕು ಎನ್ನುತ್ತದೆ ಸಂಹಿತೆ. ಅದು ಹೊರಗಡೆಗೆ ತೆರೆಯಬೇಕು, ಒಳಗಿದ್ದವರಿಗೆ ಕೀಲಿ ಹುಡುಕುವ ಪಾಡು ಬರಬಾರದು. ನೆಲಮಹಡಿಯ ಅಂಗಡಿಗೆ 3 ಚದರ ಮೀಟರ್‌ಗೆ ಒಬ್ಬರು ಅಂತ ಲೆಕ್ಕ. ಅಂದರೆ 60 ಚದರ ಮೀಟರ್ ಅಂಗಡಿಗೆ 20 ಜನ. ಈಗ ಇಪ್ಪತ್ತು ಜನ ಕತ್ತಲಲ್ಲಿ, ಹೊಗೆಯಲ್ಲಿ ಒಳಗಡೆಗೆ ತೆರೆಯುವ ಗಾಜಿನ ಬಾಗಿಲಿಗೆ ಒಟ್ಟಿಗೆ ಒತ್ತಿಕೊಂಡರೆ ಏನಾಗುತ್ತೆ, ನೋಡಿ. ಹಿಂದಿನವರ ಒತ್ತಡಕ್ಕೆ ಮುಂದಿನವರು ಬಾಗಿಲಿಗೇ ಅಂಟಿಕೊಳ್ಳುತ್ತಾರೆ. ಎಳೆಯಲು ಅರ್ಧ ಅಡಿ ಜಾಗವೂ ಸಿಗುವುದಿಲ್ಲ. ಕೀಲು ಜೋಡಿಸುವ ದಿನವೇ ಬಡಗಿಗೆ ಹೇಳಿದ್ದರೆ ಖರ್ಚೇನೂ ಜಾಸ್ತಿಯಾಗುತ್ತಿರಲಿಲ್ಲ.

ಹಿತ್ತಲ ಬಾಗಿಲನ್ನು ಮತ್ತೆ ತೆರೆಯುವವರು ಇನ್ನೊಂದು ನೋಡಬೇಕು. ಅದು ಪಕ್ಕದವರ ಕಾಂಪೌಂಡಿಗೋ ಬೀಗ ಹಾಕಿದ ಗೇಟಿಗೋ ಹೋಗಿ ನಿಂತರೆ ಸುಮ್ನೆ. ದಾರಿ ಬೀದಿವರೆಗೆ ಮುಟ್ಟಬೇಕು. ಬಾಡಿಗೆದಾರರು ಆ ದಾರಿಯಲ್ಲಿ ಓಡಾಡುವ ಹಕ್ಕನ್ನು ಕರಾರಿನಲ್ಲೇ ಬರೆಸಿಕೊಳ್ಳಬೇಕು.