ಇಒಎಫ್: ಇನ್‌ಪುಟ್ ಮುಗಿಯಿತು ಅಂತ ಪ್ರೋಗ್ರಾಮ್‌ಗೆ ಗೊತ್ತಾಗುವುದು ಹೇಗೆ?

ಹುಬ್ಬಳ್ಳಿಯಲ್ಲಿ ಹೊಸದಾಗಿ ಪೈಥಾನ್ ಪ್ರೋಗ್ರಾಮಿಂಗ್ ಕಲಿಯುವವರಿಗೆ ನಾನು ಒಂದು ಲೆಕ್ಕ ಕೊಡುತ್ತೇನೆ. ರೈತರೊಬ್ಬರು ಬ್ಯಾಡಗಿ ಮಾರುಕಟ್ಟೆಗೆ ಮೆಣಸಿನಕಾಯಿ ತಂದಿದ್ದಾರೆ. ಒಂದೊಂದು ಸಾಲಿಗೆ ಒಂದೊಂದು ಚೀಲದ ತೂಕ. ಒಟ್ಟು ಎಷ್ಟು ಅಂತ ಹೇಳಬೇಕು. ಚೀಲ ಎಷ್ಟಿವೆ ಅಂತ ಮಾತ್ರ ಮೊದಲೇ ಹೇಳುವುದಿಲ್ಲ.

ಸುಮಾರು ಜನ ಒಂದೇ ಒಂದು ಇನ್‌ಪುಟ್() ಬರೆದು, ಮೂರು ಚೀಲ ಇದ್ದರೆ ಆ ಮೂರು ಸಾಲನ್ನೂ ಒಟ್ಟಿಗೆ ಪೇಸ್ಟ್ ಮಾಡುತ್ತಾರೆ. ಇನ್‌ಪುಟ್() ಓದುವುದು ಒಂದೇ ಸಾಲು. ಉಳಿದ ಎರಡು ಎಲ್ಲಿ ಹೋದವು? ಲಿನಕ್ಸ್ ಟರ್ಮಿನಲ್‌ನಲ್ಲಾದರೆ ಕಣ್ಣಾರೆ ನೋಡಬಹುದು. ಪ್ರೋಗ್ರಾಮ್ ಮುಗಿದ ಕೂಡಲೇ ಅವು ಶೆಲ್ ಕೈಗೆ, ಅಂದರೆ ಟರ್ಮಿನಲ್‌ನಲ್ಲಿ ನಮ್ಮ ಕಮಾಂಡ್‌ಗಳನ್ನು ನಡೆಸುವ ಪ್ರೋಗ್ರಾಮ್ ಕೈಗೆ ಸಿಗುತ್ತವೆ. ಅದು 41.5 ಅನ್ನುವಂಥ ತೂಕವನ್ನೇ ಕಮಾಂಡ್ ಅಂದುಕೊಂಡು, ಅಂಥದ್ದು ಯಾವುದೂ ಇಲ್ಲ ಅಂತ ಗೊಣಗುತ್ತದೆ.

ಸರಿ, ಮತ್ತೆ ಮತ್ತೆ ಓದಲು ಲೂಪ್ ಹಾಕೋಣ. ನಿಲ್ಲಿಸುವುದು ಎಲ್ಲಿ? ಇಲ್ಲಿ ಬೇಕಾಗುವುದೇ ಇಒಎಫ್, ಅಂದರೆ ಎಂಡ್ ಆಫ್ ಫೈಲ್. ಇನ್ನು ಓದಲು ಏನೂ ಉಳಿದಿಲ್ಲ ಅನ್ನುವ ಸ್ಥಿತಿ ಅದು. ಫೈಲಿನ ಕೊನೆಯಲ್ಲಿ ಕೂತಿರುವ ಅಕ್ಷರ ಅಲ್ಲ. ಅದಕ್ಕೇ ಸಿ ಭಾಷೆಯಲ್ಲಿ ಒಂದೊಂದೇ ಅಕ್ಷರ ಓದುವ ಗೆಟ್‌ಚಾರ್() ಇಒಎಫ್ ಬಂದಾಗ ಯಾವ ಅಕ್ಷರಕ್ಕೂ ಹೊಂದದ ಋಣ ಸಂಖ್ಯೆ ಕೊಡುತ್ತದೆ. ಅದನ್ನು ಅಕ್ಷರ ಇಡುವ ಚಾರ್‌ನಲ್ಲಿ ಇಡಬಾರದು, ಪೂರ್ಣಾಂಕ ಇಡುವ ಇಂಟ್‌ನಲ್ಲೇ ಇಡಬೇಕು.

ಪೈಥಾನ್‌ನಲ್ಲಿ ಸಿಸ್.ಎಸ್‌ಟಿಡಿಇನ್ (ಪ್ರೋಗ್ರಾಮ್‌ಗೆ ಇನ್‌ಪುಟ್ ಬರುವ ದಾರಿ) ಮೇಲೆ ಫಾರ್ ಲೂಪ್ ಹಾಕಿದರೆ ಸಾಲುಗಳು ಒಂದೊಂದಾಗಿ ಬರುತ್ತವೆ, ಇಒಎಫ್ ಬಂದಾಗ ಲೂಪ್ ತಾನೇ ನಿಲ್ಲುತ್ತದೆ. ಆಗ ಬರುವ ಮೊದಲ ದೂರು: “ಸರ್, ಇದು ಸುಮ್ನ ಕುಂತೈತ್ರಿ.” ಹ್ಯಾಂಗ್ ಆಗಿಲ್ಲ, ಮುಂದಿನ ಚೀಲಕ್ಕೆ ಕಾಯುತ್ತಿದೆ ಅಷ್ಟೇ. ಚೀಲ ಮುಗಿದವು ಅಂತ ತಿಳಿಸಲು ಲಿನಕ್ಸ್, ಮ್ಯಾಕ್‌ನಲ್ಲಿ ಹೊಸ ಸಾಲಿನ ಶುರುವಿನಲ್ಲಿ ಕಂಟ್ರೋಲ್-ಡಿ ಒತ್ತಬೇಕು. ವಿಂಡೋಸ್‌ನಲ್ಲಿ ಕಂಟ್ರೋಲ್-ಜಡ್, ಆಮೇಲೆ ಎಂಟರ್. ಲಿನಕ್ಸ್‌ನಲ್ಲಿ ಸಾಲಿನ ನಡುವೆ ಕಂಟ್ರೋಲ್-ಡಿ ಒತ್ತಿದರೆ ಅಲ್ಲಿವರೆಗೆ ಟೈಪ್ ಮಾಡಿದ್ದು ಮಾತ್ರ ಪ್ರೋಗ್ರಾಮ್‌ಗೆ ಹೋಗುತ್ತದೆ, ಮುಗಿದಂತೆ ಆಗುವುದಿಲ್ಲ.

ಇನ್ನೊಂದು ಕಾಟ ಖಾಲಿ ಸಾಲಿನದು. ಹೀಗೆ ಓದಿದ ಸಾಲಿನ ಕೊನೆಗೆ ಹೊಸ-ಸಾಲಿನ ಗುರುತು ಅಂಟಿಕೊಂಡೇ ಇರುತ್ತದೆ. ಸಾಲನ್ನು ಸಂಖ್ಯೆಯಾಗಿಸುವ ಫ್ಲೋಟ್() ಅದನ್ನು ಸಹಿಸಿಕೊಳ್ಳುತ್ತದೆ. ಆದರೆ ಪೂರ್ತಿ ಖಾಲಿ ಸಾಲು ಸಿಕ್ಕರೆ ವ್ಯಾಲ್ಯೂಎರರ್ ಅನ್ನುವ ಎರರ್ ಬರುತ್ತದೆ. ಮೊದಲು ಸ್ಟ್ರಿಪ್() ಮಾಡಿ ಅಕ್ಕಪಕ್ಕದ ಖಾಲಿ ಜಾಗ, ಹೊಸ-ಸಾಲಿನ ಗುರುತು ತೆಗೆದು, ಏನೂ ಉಳಿಯದಿದ್ದರೆ ಆ ಸಾಲನ್ನು ಬಿಟ್ಟು ಮುಂದೆ ಹೋಗಿ.

ಇಒಎಫ್ ಒಂದೇ ದಾರಿ ಅಂತಲ್ಲ. ಮೊದಲ ಸಾಲಿನಲ್ಲೇ ಚೀಲ ಎಷ್ಟು ಅಂತ ಕೇಳಬಹುದು. ಮನುಷ್ಯರೇ ಕೂತು ಟೈಪ್ ಮಾಡುವುದಾದರೆ, ಖಾಲಿ ಸಾಲು ಬಂದರೆ ಮುಗಿಯಿತು ಅನ್ನುವ ನಿಯಮ ನನಗೆ ಜಾಸ್ತಿ ಇಷ್ಟ. ಅಂಗಡಿಯಲ್ಲಿ ಕೂತವರಿಗೆ ಕಂಟ್ರೋಲ್-ಡಿ ಯಾಕೆ ಕಲಿಸಬೇಕು, ಅಲ್ವಾ? ತೂಕ ಫೈಲಿನಿಂದ ಬರುವುದಾದರೆ ಇಒಎಫ್ ದಾರಿಯೇ ಸರಿ, ಅಲ್ಲಿ ಯಾವ ಕೀಲಿಯನ್ನೂ ಒತ್ತಬೇಕಿಲ್ಲ. ಆದರೆ ಮೂರೇ ಸಾಲಿರುವ ಫೈಲಿಗೆ ನಾಲ್ಕನೇ ಸಲ ಇನ್‌ಪುಟ್() ಕರೆದರೆ ಇಒಎಫ್‌ಎರರ್ ಬರುತ್ತದೆ. ಕೋಡಿಂಗ್ ಪರೀಕ್ಷೆಯಲ್ಲಿ ಈ ಎರರ್ ಕಂಡರೆ, ಲೂಪ್ ಒಂದು ಸುತ್ತು ಜಾಸ್ತಿ ಹೋಗುತ್ತಿದೆಯಾ ಅಂತ ಮೊದಲು ನೋಡಿ.